ಕರಿಗಲ್ಲಿನ ಕೋಟೆಯೊಳಗೆ ಹಾಡುಗಾರರ ಮನೆ

ತುರ್ಕಿ ದೇಶದ ಆಗ್ನೇಯ ಭಾಗದಲ್ಲಿ, ಟೈಗ್ರಿಸ್ ನದಿಯ ತಿರುವಿನ ಮೇಲ್ಗಡೆ ಎದ್ದು ನಿಂತಿರುವ ದಿಯಾರ್‌ಬಕಿರ್ ನಗರದ ಹಳೆಯ ಪೇಟೆಗೆ ಸೂರ್ ಎಂದು ಹೆಸರು. ಕಾರಜಾದಾಗ್ ಪರ್ವತದ ಲಾವಾರಸವು ಎಂದೋ ಹರಿದು ಹೆಪ್ಪುಗಟ್ಟಿ ಆದ ಕರಿಗಲ್ಲಿನಿಂದ ಕಟ್ಟಿದ, ಆರು ಕಿಲೋಮೀಟರಿಗೆ ತುಸುವೇ ಕಡಮೆ ಉದ್ದದ ಕೋಟೆಗೋಡೆಯು ಅದನ್ನು ಬಳಸಿ ನಿಂತಿದೆ. ಒಳಗಿನ ಮಸೀದಿ, ಇಗರ್ಜಿ, ಛತ್ರ, ಸ್ನಾನಗೃಹ, ಶ್ರೀಮಂತರ ಅಂಗಳದ ಮನೆ, ಬಡವರ ಗಲ್ಲಿಯ ನೆಲಹಾಸು, ಎಲ್ಲವೂ ಅದೇ ಕಲ್ಲಿನವು. ಮಧ್ಯಾಹ್ನದ ಬಿಸಿಲಿಗೆ ಕಾದ ಆ ಗೋಡೆಗೆ ಅಂಗೈಯಿಟ್ಟರೆ ಸುಡುತ್ತದೆ. ಬುರುಜಿನ ಮೇಲಿಂದ ಕೆಳಗೆ ನೋಡಿದರೆ ನದಿಯವರೆಗೂ ಹಬ್ಬಿರುವ ಹೆವ್ಸೆಲ್ ತೋಟಗಳ ಹಸುರು ಕಣ್ಣಿಗೆ ತಂಪನ್ನು ತರುತ್ತದೆ.

ಪ್ರವಾಸಿಗಳಿಗೆ ಹಂಚುವ ಕೈಪಿಡಿಯನ್ನು ನಂಬುವುದಾದರೆ ಈ ಊರನ್ನು ಆಳದವರೇ ಇಲ್ಲ. ನಾಲ್ಕನೆಯ ಶತಮಾನದಲ್ಲಿ ರೋಮನರು ಇದನ್ನು ಆಮಿದ ಎಂದು ಕರೆದು ಕೋಟೆಯನ್ನು ಬಲಪಡಿಸಿದರು. 639ರಲ್ಲಿ ಅರಬರು ಬಂದರು. ಬಳಿಕ ಮರ್ವಾನಿ, ಅರ್ತುಕಿ, ಅಕ್‌ಕೊಯುನ್ಲು ಮನೆತನಗಳು ಆಳಿದವು; 1515ರಲ್ಲಿ ಊರು ಆಟೊಮನ್ ಸುಲ್ತಾನರಿಗೆ ವಶವಾಯಿತು. ಕೋಟೆಯೂ ತೋಟಗಳೂ 2015ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿದವು. ಇಷ್ಟನ್ನು ಹೇಳಿ ಕೈಪಿಡಿಯು ಸುಮ್ಮನಾಗುತ್ತದೆ. ಈ ಊರಿನ ಬಹುಸಂಖ್ಯಾತರು ಕುರ್ದರೆಂಬುದನ್ನಾಗಲಿ, ಅವರು ಊರನ್ನು ಆಮೆದ್ ಎಂದು ಕರೆಯುವರೆಂಬುದನ್ನಾಗಲಿ ಅದರಲ್ಲಿ ನಾನು ಕಾಣಲಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಕೋಟೆಯ ವಿಚಾರವಲ್ಲ. ಪೇಟೆಯ ನಡುವಿನ ದೊಡ್ಡ ಮಸೀದಿಯಿಂದ ಸ್ವಲ್ಪ ದೂರ ಗಲ್ಲಿಗಳಲ್ಲಿ ಸುತ್ತಿದರೆ, ಪುರಸಭೆಯವರು 2007ರಲ್ಲಿ ತೆರೆದ ‘ದೆಂಗ್‌ಬೇಜ್ ಮನೆ’ ಸಿಕ್ಕುತ್ತದೆ. ದೆಂಗ್‌ಬೇಜರೆಂದರೆ ಕುರ್ದರ ಕಥನಗಾಯಕರು: ಲಿಪಿಯ ನೆರವಾಗಲಿ ವಾದ್ಯದ ಆಸರೆಯಾಗಲಿ ಇಲ್ಲದೆ, ಯುದ್ಧ, ವೈರ, ಪ್ರಣಯ, ಬರಗಾಲ, ವಲಸೆ ಇವುಗಳ ವೃತ್ತಾಂತಗಳನ್ನು ಗಂಟೆಗಟ್ಟಲೆ ಹಾಡಿ ಹೇಳಬಲ್ಲವರು. ಹಿಂದೆ ಅವರನ್ನು ಬುಡಕಟ್ಟಿನ ಒಡೆಯರು ತಮ್ಮ ಚಾವಡಿಯಲ್ಲಿಟ್ಟು ಸಾಕುತ್ತಿದ್ದರು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚಿದ ಹಳ್ಳಿಗಳಿಗೆ ಅವರ ಕಂಠವೇ ಪುರಾಣವೂ ಇತಿಹಾಸವೂ ಆಗಿತ್ತು.

ಅಂಗಳದ ಸುತ್ತ ಬೆಂಚುಗಳ ಮೇಲೆ ಏಳೆಂಟು ಮಂದಿ ವೃದ್ಧರು ಕುಳಿತಿದ್ದರು. ಸಡಿಲವಾದ ಷರಾಯಿ, ಕೋಟು, ತಲೆಗೆ ಸುತ್ತಿದ ವಸ್ತ್ರ, ಕೈಯಲ್ಲಿ ಜಪಸರ, ಎದುರಿಗೆ ನಡುಸಣ್ಣ ಗಾಜಿನ ಲೋಟದಲ್ಲಿ ಕಪ್ಪು ಚಹಾ. ಒಬ್ಬರ ಸರದಿ ಮುಗಿದ ಮೇಲೆ ಮತ್ತೊಬ್ಬರದು. ಹಾಡುವವರು ಬಲಗೈಯನ್ನು ಕಿವಿಗೆ ಆನಿಸಿ, ಕಣ್ಣನ್ನು ಅರೆಮುಚ್ಚಿ, ಮೊದಲು ಒಂದೇ ಸ್ವರವನ್ನು ಎಳೆದು ಎಳೆದು ಅದರ ಮೇಲೆ ನಿಲ್ಲುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ, ಹೊಳೆಗೆ ನೀರು ಬಿಟ್ಟಂತೆ, ಮಾತುಗಳು ಒಂದರ ಮೇಲೊಂದು ಬಿದ್ದು ಧಾವಿಸುತ್ತವೆ. ಉಸಿರು ಮುಗಿಯುವ ವೇಳೆಗೆ ಮತ್ತೆ ಆ ಸ್ವರಕ್ಕೇ ಬಂದು ಸೇರುತ್ತವೆ. ಕೇಳುವವರು ಸುಮ್ಮನಿರುವುದಿಲ್ಲ. ಮೆಚ್ಚುಗೆಯಾದ ಕಡೆ ಹೂಂಗುಟ್ಟುತ್ತಾರೆ, ದುಃಖವಾದ ಕಡೆ ನಿಟ್ಟುಸಿರಿಡುತ್ತಾರೆ, ಹೆಸರೊಂದು ತಪ್ಪಿದರೆ ಅಲ್ಲಿಯೇ ತಿದ್ದುತ್ತಾರೆ. ನನ್ನ ದುಭಾಷಿಯಾಗಿ ಬಂದಿದ್ದ ವಿದ್ಯಾರ್ಥಿಯು ಅರ್ಧ ಸಾಲನ್ನು ಹೇಳುವಷ್ಟರಲ್ಲಿ ಅವರು ಹತ್ತು ಸಾಲು ಮುಂದೆ ಹೋಗಿರುತ್ತಿದ್ದರು.

ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತಿನಲ್ಲಿಯೂ ಹಾಡಿನಷ್ಟೇ ಧಾರಾಳಿ. ತಾವು ವಿದ್ಯೆ ಕಲಿತದ್ದು ತಂದೆಯಿಂದ ಅರ್ಧ, ರೇಡಿಯೋದಿಂದ ಅರ್ಧ ಎಂದರು. ಸೋವಿಯತ್ ಆರ್ಮೇನಿಯಾದ ಯೆರೆವಾನ್ ಕೇಂದ್ರದವರು 1955ರಿಂದ ದಿನಕ್ಕೆ ಸ್ವಲ್ಪ ಹೊತ್ತು ಕುರ್ದಿಷ್ ಭಾಷೆಯ ಪ್ರಸಾರವನ್ನು ನಡೆಸುತ್ತಿದ್ದರು. ಗಡಿಯ ಈಚೆಗೆ ಹಳ್ಳಿಯವರು ಬಾಗಿಲಿಕ್ಕಿ, ದನಿ ತಗ್ಗಿಸಿ, ಒಂದೇ ಪೆಟ್ಟಿಗೆಯ ಸುತ್ತ ಕೂಡಿ ಕೇಳುತ್ತಿದ್ದರು. ಆ ಕೇಂದ್ರದಲ್ಲಿ ಹಾಡಿದ ಪ್ರಖ್ಯಾತರಲ್ಲಿ ಕರಪೇತೇ ಖಾಚೋ ಒಬ್ಬರು. ಅವರು ಕುರ್ದರಲ್ಲ, ತಮ್ಮ ಜನಾಂಗದ 1915ರ ಸಂಹಾರದಲ್ಲಿ ಅನಾಥರಾದ ಆರ್ಮೇನಿಯನರು. ತನ್ನ ಸ್ವಂತ ನೆಲದಲ್ಲಿ ನಿಷಿದ್ಧವಾದ ಭಾಷೆಯು ಪರದೇಶದ ಆಕಾಶಮಾರ್ಗವಾಗಿ, ಅನ್ಯಜನಾಂಗದ ಅನಾಥನೊಬ್ಬನ ಕಂಠದಲ್ಲಿ ಮನೆಗೆ ಮರಳಿ ಬಂದ ಈ ಸಂಗತಿಯನ್ನು ಆ ಹಿರಿಯರು ಹೇಳಿದಾಗ ಅವರ ಮುಖದಲ್ಲಿ ಕಂಡ ಕೃತಜ್ಞತೆಯನ್ನು ನಾನು ಬಹುಕಾಲ ಮರೆಯಲಾರೆ. ಹಾಡಿನ ಕ್ಯಾಸೆಟ್ಟುಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟದ್ದನ್ನೂ, ಸಿಪಾಯಿಗಳು ಶೋಧನೆಗೆ ಬರುವ ಸುದ್ದಿ ತಿಳಿದಾಗ ಅವನ್ನು ತಾವೇ ಒಲೆಗೆ ಹಾಕಿದ್ದನ್ನೂ ಅವರು ಹೇಳಿದರು.

ಹಾಡುವುದು ಅಪರಾಧವಾದದ್ದು ಹೇಗೆ ಎಂಬುದನ್ನು ಹೇಳದೆ ಈ ಊರನ್ನು ಪರಿಚಯಿಸಿದಂತಾಗದು. 1925ರಲ್ಲಿ ಕುರ್ದರ ಮುಖಂಡ ಶೇಖ್ ಸಯೀದರ ದಂಗೆಯನ್ನು ಅಡಗಿಸಿ, ಅವರನ್ನೂ ಅವರ ಸಂಗಡಿಗರನ್ನೂ ಈ ಊರಿನಲ್ಲಿಯೇ ಗಲ್ಲಿಗೇರಿಸಿದ ಹೊಸ ಗಣರಾಜ್ಯವು, ಅದೇ ವರ್ಷ ಗುಪ್ತವಾಗಿ ರಚಿಸಿದ ‘ಪೂರ್ವ ಸುಧಾರಣಾ ಯೋಜನೆ’ಯಲ್ಲಿ ಕುರ್ದಿಷ್ ಮಾತನ್ನು ಶಾಲೆ, ಕಚೇರಿ, ಸಂತೆಗಳಿಂದ ಹೊರಗಿಡಲು ಸಂಕಲ್ಪಿಸಿತು. ಸಂತೆಯಲ್ಲಿ ತುರ್ಕಿಯಲ್ಲದ ಮಾತಾಡಿದವರಿಗೆ ಮಾತಿಗಿಷ್ಟೆಂದು ದಂಡ ಹಾಕುತ್ತಿದ್ದುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 1928ರಿಂದ ‘ಪ್ರಥಮ ಮಹಾ ತನಿಖಾಧಿಕಾರಿ’ ಎಂಬ ವಿಶೇಷಾಧಿಕಾರಿಯು ದಿಯಾರ್‌ಬಕಿರಿನಲ್ಲಿ ಕುಳಿತು ಪೂರ್ವಪ್ರಾಂತಗಳನ್ನು ಆಳಿದನು. 1934ರ ವಸತಿ ಕಾನೂನು ಜನರನ್ನು ಕಿತ್ತು ಪಶ್ಚಿಮಕ್ಕೆ ಕಳುಹಿಸಿ ಅಲ್ಲಿಯ ಜನರೊಡನೆ ಬೆರೆಸಿಬಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ದೇರ್ಸಿಮ್ ಪ್ರಾಂತಕ್ಕೆ 1935ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿ, ತುಂಜೇಲಿ ಎಂದು ಹೊಸ ನಾಮಕರಣವನ್ನೂ ಮಾಡಿ, 1937 ಮತ್ತು 38ರಲ್ಲಿ ಅಲ್ಲಿ ಸಹಸ್ರಾರು ಜನರನ್ನು ಕೊಂದರು. ಕುರ್ದರೆಂಬ ಜನಾಂಗವೇ ಇಲ್ಲ, ಅವರು ಬೆಟ್ಟದ ತುರ್ಕರು ಎಂಬ ಸಿದ್ಧಾಂತವನ್ನು ವಿದ್ವಾಂಸರೆನಿಸಿಕೊಂಡವರೂ ಬೋಧಿಸಿದರು.

1980ರ ಸೈನಿಕ ಕ್ರಾಂತಿಯ ಬಳಿಕ ಬಂದದ್ದು ಇನ್ನೂ ಕ್ರೂರವಾದ ಕಾಲ. 1983ರ 2932ನೆಯ ಕಾನೂನು ಕುರ್ದಿಷ್ ಎಂಬ ಹೆಸರನ್ನು ಎತ್ತದೆಯೇ ಅದನ್ನು ನಿಷೇಧಿಸಿತು: ತುರ್ಕಿಯು ಮಾನ್ಯಮಾಡಿದ ರಾಷ್ಟ್ರಗಳ ಪ್ರಥಮ ಅಧಿಕೃತ ಭಾಷೆಗಳನ್ನು ಬಿಟ್ಟು ಉಳಿದ ಯಾವ ಭಾಷೆಯಲ್ಲಿಯೂ ವಿಚಾರವನ್ನು ಪ್ರಕಟಿಸಕೂಡದೆಂದು ವಿಧಿಸಿತು. ‘ಪ್ರಥಮ’ ಎಂಬ ವಿಶೇಷಣವನ್ನು ಸೇರಿಸಿದ್ದು, ನೆರೆಯ ಇರಾಕಿನಲ್ಲಿ ಕುರ್ದಿಷ್ ಭಾಷೆಗೂ ಒಂದು ಸ್ಥಾನವಿದ್ದುದರಿಂದ. ದಿಯಾರ್‌ಬಕಿರಿನ ಸೈನಿಕ ಕಾರಾಗೃಹದಲ್ಲಿ ಭೇಟಿಗೆ ಬಂದ ತಾಯಂದಿರು ತುರ್ಕಿ ಬಾರದ ಕಾರಣ ಮಕ್ಕಳ ಮುಖವನ್ನು ಬರಿದೆ ನೋಡಿ ಹಿಂತಿರುಗಬೇಕಾಗಿತ್ತು.

ಸೈನಿಕ ಶಾಸನವನ್ನು ತೆಗೆದು 1987ರ ಜುಲೈಯಲ್ಲಿ ದಿಯಾರ್‌ಬಕಿರನ್ನು ಕೇಂದ್ರವಾಗಿಟ್ಟುಕೊಂಡು ಎಂಟು ಪ್ರಾಂತಗಳಿಗೆ ‘ಓಹಾಲ್’ ಎಂಬ ತುರ್ತುಪರಿಸ್ಥಿತಿಯ ವಲಯಾಡಳಿತವನ್ನು ತಂದರು. ಅದರ ರಾಜ್ಯಪಾಲನು ಹಳ್ಳಿಗಳನ್ನು ತೆರವುಮಾಡಿಸಬಲ್ಲನಾಗಿದ್ದನು. ಆತನ ಆಜ್ಞೆಯನ್ನು ರದ್ದುಗೊಳಿಸಿರೆಂದು ನ್ಯಾಯಾಲಯಕ್ಕೆ ಹೋಗುವ ಮಾರ್ಗವೂ ಇರಲಿಲ್ಲ. 1990ರ ಶಾಸನಗಳು ಪತ್ರಿಕೆಗಳನ್ನು ನಿಲ್ಲಿಸುವ, ಬೇಡವಾದವರನ್ನು ವಲಯದಿಂದ ಹೊರಹಾಕುವ ಅಧಿಕಾರಗಳನ್ನೂ ಸೇರಿಸಿದವು. ಶಸ್ತ್ರ ಹಿಡಿದ ಕುರ್ದರ ಪಿಕೆಕೆ ಪಕ್ಷಕ್ಕೂ ಸೈನ್ಯಕ್ಕೂ ನಡೆದ ಯುದ್ಧವನ್ನು ಕಾರಣವಾಗಿ ತೋರಿಸಿ, ತಾತ್ಕಾಲಿಕವೆಂದು ಹೇಳಿದ ಆ ಆಡಳಿತವನ್ನು ನಲವತ್ತಾರು ಸಲ ಮುಂದುವರಿಸಿದರು. ಅದು ಮುಗಿದದ್ದು 2002ರ ನವೆಂಬರ್ 30ರಂದು. ಅಷ್ಟರೊಳಗೆ, ತುರ್ಕಿಯ ಸಂಸತ್ತಿನ ಸಮಿತಿಯೇ 1998ರಲ್ಲಿ ಒಪ್ಪಿಕೊಂಡಂತೆ, 905 ಹಳ್ಳಿಗಳೂ 2,523 ಪಾಳ್ಯಗಳೂ ತೆರವಾಗಿದ್ದವು. ಮನೆ ಬಿಟ್ಟವರು 3,78,335 ಮಂದಿ. ಅಂಕಾರದ ಹಾಜೆತೆಪೆ ವಿಶ್ವವಿದ್ಯಾನಿಲಯದವರು 2006ರಲ್ಲಿ ಮಾಡಿದ ಅಂದಾಜಾದರೋ ಒಂಬತ್ತೂವರೆ ಲಕ್ಷಕ್ಕೆ ಕಡಮೆಯಿಲ್ಲ. ಕುರ್ದಿಷ್ ಲೇಖಕ ಮೂಸಾ ಆಂತೇರರನ್ನು 1992ರಲ್ಲಿ ಕೊಂದದ್ದೂ ಈ ಊರಿನಲ್ಲಿಯೇ.

ನನ್ನ ಪಕ್ಕದ ಹಿರಿಯರು ಹಾಗೆ ಹಳ್ಳಿ ಬಿಟ್ಟವರಲ್ಲಿ ಒಬ್ಬರು. ಸಿಪಾಯಿಗಳು ಬಂದು, ಮಧ್ಯಾಹ್ನದೊಳಗೆ ಹೊರಡಬೇಕೆಂದು ಹೇಳಿ, ಸಂಜೆಗೆ ಮೇವಿನ ಬಣವೆಗಳಿಗೆ ಬೆಂಕಿಯಿಟ್ಟರಂತೆ. ಕುರಿಗಳನ್ನು ಸಿಕ್ಕಿದ ಬೆಲೆಗೆ ಮಾರಿ ಸೂರಿನ ಗಲ್ಲಿಯೊಂದರಲ್ಲಿ ಕೋಣೆ ಹಿಡಿದರು. ಆದರೆ ಅವರು ಹೆಚ್ಚು ಹೊತ್ತು ಮಾತಾಡಿದ್ದು ಆ ಕಷ್ಟವನ್ನು ಕುರಿತಲ್ಲ. ತಮ್ಮ ಪ್ರಾಂತದ ವೈರವೊಂದನ್ನು ಹೇಳುವ ಒಂದು ಕಿಲಾಮಿನಲ್ಲಿ, ಎಂದರೆ ಕಥನಗೀತೆಯಲ್ಲಿ, ವೀರನು ಕುದುರೆಯೇರಿ ಹೋಗುವ ದಾರಿಯನ್ನು ವರ್ಣಿಸುವಾಗ, ಹಳ್ಳಿಗಳ ಹೆಸರುಗಳು ಸಾಲಾಗಿ ಬರುತ್ತವೆ. ಅವರು ಅವನ್ನು ಬೆರಳು ಮಡಿಸುತ್ತ ಒಂದೊಂದಾಗಿ ಹೇಳಿದರು. ದುಭಾಷಿಯ ಹುಡುಗನು ತನ್ನ ಫೋನಿನ ನಕಾಶೆಯಲ್ಲಿ ಅವನ್ನು ಹುಡುಕಿದನು, ಒಂದೂ ಸಿಕ್ಕಲಿಲ್ಲ. ಗಣರಾಜ್ಯದ ನಾಮಾಂತರ ಸಮಿತಿಯು ದೇಶದಾದ್ಯಂತ ಸುಮಾರು 28,000 ಸ್ಥಳಗಳಿಗೆ ಹೊಸ ಹೆಸರುಗಳನ್ನಿಟ್ಟಿತು. ಅವುಗಳಲ್ಲಿ 12,000ಕ್ಕೆ ಮಿಕ್ಕು ಹಳ್ಳಿಗಳು. ಕುರ್ದಿಷ್, ಆರ್ಮೇನಿಯನ್, ಗ್ರೀಕ್, ಸಿರಿಯಾಕ್ ಹೆಸರುಗಳೆಲ್ಲ ದಾಖಲೆಯಿಂದ ಹೋದವು. ಹಾಡಿನಿಂದ ಹೋಗಲಿಲ್ಲ. ಹಾಡಿಗೆ ಪ್ರಾಸವೂ ಉಸಿರಿನ ಲೆಕ್ಕವೂ ಇರುವುದರಿಂದ ಹೆಸರನ್ನು ಬದಲಿಸಿದರೆ ಸಾಲು ಕೆಡುತ್ತದೆ ಎಂದು ಹಿರಿಯರು ವಿವರಿಸಿದರು. ಭೂಮಾಪನ ಇಲಾಖೆಯು ಕಳೆದುಹಾಕಿದ ಒಂದು ನಾಡಿನ ನಕಾಶೆಯು ಓದುಬರಹವಿಲ್ಲದ ಏಳೆಂಟು ವೃದ್ಧರ ನೆನಪಿನಲ್ಲಿದೆ. ಅದನ್ನು ಕಾಪಾಡುವ ಹೊಣೆಯು ಅವರ ಮೇಲೆ ಮಾತ್ರ ಬಿದ್ದಿರುವುದು ನನಗೆ ಅನ್ಯಾಯವೆಂದು ತೋರಿತು.

ದೆಂಗ್‌ಬೇಜ್ ಮನೆಯಿಂದ ಹೊರಟು ಪೂರ್ವಕ್ಕೆ ನಡೆದರೆ, 1500ರಲ್ಲಿ ಕಟ್ಟಿದ ನಾಲ್ಕುಕಾಲಿನ ಮಿನಾರು ಬರುತ್ತದೆ. ಅದರ ಕಂಬಕ್ಕೆ ಗುಂಡು ತಾಗಿದ್ದನ್ನು ತೋರಿಸಿ ಶಾಂತಿಗಾಗಿ ವಿಜ್ಞಾಪಿಸಿಕೊಳ್ಳುತ್ತಿದ್ದ ವಕೀಲ ತಾಹಿರ್ ಎಲ್ಚಿಯವರು 2015ರ ನವೆಂಬರಿನಲ್ಲಿ ಅಲ್ಲಿಯೇ ಗುಂಡೇಟಿಗೆ ಬಲಿಯಾದರು. ಮುಂದಿನ ತಿಂಗಳಲ್ಲಿ ಸೂರಿನ ಆರು ಮೊಹಲ್ಲಾಗಳಿಗೆ ಸಂಚಾರನಿಷೇಧ ಬಂತು. ಪಿಕೆಕೆಯ ಪರವಾದ ತರುಣರು ಕಂದಕ ತೋಡಿ ಅಡ್ಡಗಟ್ಟಿದ ಗಲ್ಲಿಗಳಿಗೆ ಸೈನ್ಯದ ಟ್ಯಾಂಕುಗಳು ನುಗ್ಗಿದವು. ಯುದ್ಧ ನಿಂತ ಮೇಲೆ ಉಳಿದ ಮನೆಗಳನ್ನೂ ಬುಲ್ಡೋಜರುಗಳು ಕೆಡವಿದವು. ಈಗ ಅಲ್ಲಿ ಅಗಲವಾದ ಬೀದಿಗಳು. ಕಾಂಕ್ರೀಟು ಗೋಡೆಗೆ ಕರಿಗಲ್ಲಿನ ತೆಳು ಹಲಗೆಗಳನ್ನು ಅಂಟಿಸಿದ, ಒಂದರಂತೊಂದು ಇರುವ ಮನೆಗಳು. ಹಳ್ಳಿ ಕಳೆದುಕೊಂಡು ಬಂದು ಇಲ್ಲಿ ನೆಲೆಸಿದ್ದ ಎಷ್ಟೋ ಸಂಸಾರಗಳು ಎರಡನೆಯ ಸಲ ಎದ್ದುಹೋಗಬೇಕಾಯಿತು. 2016ರಲ್ಲಿ ಜನ ಚುನಾಯಿಸಿದ ನಗರಾಧ್ಯಕ್ಷರನ್ನು ಬಂಧಿಸಿ, ಅಂಕಾರದಿಂದ ಆಡಳಿತಾಧಿಕಾರಿಯನ್ನು ನೇಮಿಸಿದರು. 2019ರಲ್ಲಿ ಮತ್ತೆ ಚುನಾಯಿಸಿದವರಿಗೂ ಅದೇ ಗತಿಯಾಯಿತು.

ಕಾನೂನು ಬದಲಾಗಿಲ್ಲವೆಂದು ಹೇಳಿದರೆ ಸುಳ್ಳಾದೀತು. ಭಾಷಾನಿಷೇಧದ ಕಾನೂನು 1991ರಲ್ಲಿ ರದ್ದಾಯಿತು. 2009ರ ಜನವರಿ 1ರಿಂದ ಸರ್ಕಾರದ ದೂರದರ್ಶನವೇ ಕುರ್ದಿಷ್ ವಾಹಿನಿಯನ್ನು ನಡೆಸುತ್ತಿದೆ. ಪ್ರತಿ ಬೆಳಗ್ಗೆ ಕುರ್ದರ ಮಕ್ಕಳೂ ತಾವು ತುರ್ಕರೆಂದು ಕೂಗಿ ಹೇಳಬೇಕಾಗಿದ್ದ ಶಾಲೆಯ ಪ್ರತಿಜ್ಞೆಯು 2013ರಲ್ಲಿ ನಿಂತಿತು. ಆದರೂ 1982ರ ಸಂವಿಧಾನದ 42ನೆಯ ವಿಧಿಯು ತುರ್ಕಿಯ ಹೊರತು ಬೇರೆ ಯಾವ ಭಾಷೆಯನ್ನೂ ಮಾತೃಭಾಷೆಯೆಂದು ಶಾಲೆಗಳಲ್ಲಿ ಬೋಧಿಸಬಾರದೆಂದು ಇಂದಿಗೂ ಹೇಳುತ್ತಿದೆ. ಇರುವುದು 2012ರಲ್ಲಿ ಬಂದ ಐಚ್ಛಿಕ ಪಾಠ: ಐದನೆಯ ತರಗತಿಯಿಂದ, ವಾರಕ್ಕೆ ಎರಡು ಗಂಟೆ, ಅದೂ ಹತ್ತು ಮಕ್ಕಳಾದರೂ ಅರ್ಜಿ ಹಾಕಿದರೆ. ಹಿರಿಯರ ಮೊಮ್ಮಗಳ ಶಾಲೆಯಲ್ಲಿ ಅರ್ಜಿಗಳೇನೋ ಸಾಕಷ್ಟು ಬಂದವಂತೆ. ಉಪಾಧ್ಯಾಯರು ಬರಲಿಲ್ಲ, ಆ ಹುಡುಗಿಯನ್ನು ಬೇರೊಂದು ಪಾಠಕ್ಕೆ ಸೇರಿಸಿದರು. ಮನೆಯಲ್ಲಿ ಸೊಸೆಯು ಮಗಳೊಡನೆ ತುರ್ಕಿಯಲ್ಲಿಯೇ ಮಾತಾಡುತ್ತಾಳೆ. ಮೊದಲ ತರಗತಿಯಲ್ಲಿ ತಾನು ಭಾಷೆ ತಿಳಿಯದೆ ಪೆಟ್ಟು ತಿಂದದ್ದನ್ನು ಆಕೆ ಮರೆತಿಲ್ಲವೆಂದೂ, ಅದಕ್ಕಾಗಿ ಆಕೆಯನ್ನು ದೂರಲಾರೆನೆಂದೂ ಹಿರಿಯರು ಹೇಳಿದರು. ಬರುವ ವರ್ಷ ಮತ್ತೆ ಅರ್ಜಿ ಹಾಕಿಸುವುದಾಗಿಯೂ, ಉಪಾಧ್ಯಾಯರು ಸಿಕ್ಕದಿದ್ದಲ್ಲಿ ತಾವೇ ಹೋಗಿ ಪಾಠ ಹೇಳಲು ಅಪ್ಪಣೆ ಕೇಳುವುದಾಗಿಯೂ ಹೇಳುತ್ತಿರುವಾಗ ಅವರ ಸರದಿ ಬಂತು. ಅವರು ಚಹಾದ ಲೋಟವನ್ನು ಕೆಳಗಿಟ್ಟು ಹಾಡಲು ತೊಡಗಿದರು.