ಅಕ್ಷರ ಅದೇ, ಓದು ಬೇರೆ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೋ ಶ್ವಾಸಕೋಶಕ್ಕೋ ಹಬ್ಬಿದ ಮೇಲೆ ವೈದ್ಯರ ಕೈಯಲ್ಲಿ ಉಳಿಯುವ ದಾರಿಗಳು ತೀರಾ ಕಡಿಮೆ. ಹಾಗೆ ಹೊರಟ ಕೋಶದ ಡಿಎನ್‌ಎಯಲ್ಲಿ ಹೊಸದೊಂದು ತಪ್ಪಕ್ಷರ ಸೇರಿಕೊಂಡಿರಲೇಬೇಕು ಅನ್ನಿಸುವುದು ಸಹಜ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಆಂಡ್ರ್ಯೂ ಫೈನ್‌ಬರ್ಗ್ ಮತ್ತು ಸಂಗಡಿಗರು, ತೀರಿಕೊಂಡ ರೋಗಿಗಳ ಮೂಲ ಗಡ್ಡೆಯನ್ನೂ ಹರಡಿದ ಗಡ್ಡೆಗಳನ್ನೂ ಹೋಲಿಸಿ ನೋಡಿದರು. 2017ರಲ್ಲಿ ಅವರು ಪ್ರಕಟಿಸಿದ ಉತ್ತರ ಬೇರೆಯೇ ಆಗಿತ್ತು. ದೂರದ ಅಂಗಗಳಿಗೆ ಹರಡಿದ ಗಡ್ಡೆಗಳಲ್ಲಿ ಅಂಥ ಹೊಸ ತಪ್ಪಕ್ಷರ ಸಿಗಲಿಲ್ಲ; ಡಿಎನ್‌ಎಯನ್ನು ಸುತ್ತಿಟ್ಟ ರೀತಿ ಮಾತ್ರ ವ್ಯಾಪಕವಾಗಿ ಬದಲಾಗಿತ್ತು.

ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಹಿಸ್ಟೋನ್ ಎಂಬ ಪ್ರೊಟೀನ್ ಉಂಡೆಗಳಿಗೆ ಸುತ್ತಿಕೊಂಡಿದೆ. ಬಿಗಿಯಾದ ಕಡೆ ಜೀನ್ ಮೌನ, ಸಡಿಲಾದ ಕಡೆ ಚುರುಕು. ಹಿಸ್ಟೋನ್ ಮೇಲೆ ಗುರುತು ಹಚ್ಚಿ, ಅಳಿಸಿ ಇದನ್ನು ನಡೆಸುವ ಕಿಣ್ವಗಳೇ ಎಪಿಜೆನೆಟಿಕ್ ನಿಯಂತ್ರಕಗಳು.

ಅಕ್ಕಪಕ್ಕದ ಕೋಶಗಳು ಒಂದನ್ನೊಂದು ಬಿಡದಂತೆ ಹಿಡಿದಿಡುವ ಪ್ರೊಟೀನ್ ಇ-ಕ್ಯಾಡ್‌ಹೆರಿನ್. ಗಡ್ಡೆಯಲ್ಲಿ ಸ್ನೇಲ್ ಎಂಬ ಇನ್ನೊಂದು ಪ್ರೊಟೀನ್ ಅದರ ಜೀನಿನ ಬಾಗಿಲಲ್ಲಿ ಕೂತು ಡಿಅಸಿಟೈಲೇಸ್ ಕಿಣ್ವಗಳನ್ನು ಕರೆಸಿಕೊಂಡರೆ, ಅವು ಅಸಿಟೈಲ್ ಗುರುತನ್ನು ಅಳಿಸುತ್ತವೆ. ಇಜೆಡ್‌ಎಚ್2 ಎಂಬ ಇನ್ನೊಂದು ಕಿಣ್ವ ಮೀಥೈಲ್ ಗುರುತು ಹಚ್ಚಿ ಬಾಗಿಲು ಮುಚ್ಚುತ್ತದೆ. ಹಿಡಿತ ತಪ್ಪಿದ ಕೋಶ ಉದ್ದನೆಯ ಆಕಾರ ತಳೆದು, ತೆವಳಿ, ರಕ್ತನಾಳ ಸೇರುತ್ತದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಜೆಡ್‌ಎಚ್2 ವಿಪರೀತ ಹೆಚ್ಚಿರುವುದನ್ನು ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ 2002ರಲ್ಲೇ ತೋರಿಸಿತ್ತು.

ತಪ್ಪಕ್ಷರವನ್ನು ತಿದ್ದುವುದು ಕಷ್ಟ, ಗುರುತನ್ನು ಅಳಿಸಬಹುದು. ನನಗೆ ಇಲ್ಲಿ ಭರವಸೆ ಕಾಣುವುದು ಅದಕ್ಕೇ. ಇಜೆಡ್‌ಎಚ್2 ತಡೆಯುವ ಟಜೆಮೆಟೊಸ್ಟ್ಯಾಟ್ ಮಾತ್ರೆಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಅಪರೂಪದ ಒಂದು ಸಾರ್ಕೋಮಾಕ್ಕೆ. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಕರಾವಳಿಯ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್, ಅಸಿಟೈಲ್ ಗುರುತು ಹಚ್ಚುವ ಪಿ300 ಕಿಣ್ವವನ್ನು ತಡೆಯುತ್ತದೆಂದು ಕಂಡುಕೊಂಡಿತು. ಪ್ರಯೋಗಾಲಯದ ಕೋಶಗಳಲ್ಲಿ ಕಂಡದ್ದು ಅದು. ಪುನರ್ಪುಳಿ ಶರಬತ್ತು ಕ್ಯಾನ್ಸರಿಗೆ ಮದ್ದಲ್ಲ, ದಯವಿಟ್ಟು ಯಾರೂ ಚಿಕಿತ್ಸೆ ಬಿಟ್ಟು ಅದನ್ನು ನೆಚ್ಚಬಾರದು.

ತೊಡಕು ಇನ್ನೂ ಒಂದಿದೆ. ಹೊಸ ಅಂಗ ತಲುಪಿದ ಕೋಶ ಅಲ್ಲಿ ಗಡ್ಡೆ ಕಟ್ಟುವಾಗ ಎಷ್ಟೋ ಸಲ ಅದೇ ಗುರುತುಗಳನ್ನು ತಾನೇ ಅಳಿಸಿ, ಇ-ಕ್ಯಾಡ್‌ಹೆರಿನ್ ಮತ್ತೆ ತಯಾರಿಸಿಕೊಳ್ಳುತ್ತದೆ. ಹೊರಡಲು ಬಿಟ್ಟ ಹಿಡಿತ, ನೆಲೆಯೂರಲು ಮತ್ತೆ ಬೇಕು. ಆಗಲೇ ರಕ್ತ ಸೇರಿಬಿಟ್ಟ ಕೋಶಕ್ಕೆ ಆ ಬಾಗಿಲನ್ನು ನಾವೇ ತೆರೆದುಕೊಟ್ಟರೆ ಏನಾದೀತು?