ಕುಂದಾಣಿ: ನಮ್ಮ ಸೀಮೆಯ ಹೊಯ್ಸಳ ರಾಜಧಾನಿ

ಹೊಯ್ಸಳರ ರಾಜಧಾನಿ ಯಾವುದೆಂದು ಕೇಳಿದರೆ ಶಾಲೆಯ ಮಕ್ಕಳೂ ದೋರಸಮುದ್ರ ಎನ್ನುತ್ತಾರೆ. ಕುಂದಾಣಿಯ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಕೆಲಮಂಗಲ, ಶೂಲಗಿರಿ, ತಳಿ ಸುತ್ತ ಮನೆಯಲ್ಲಿ ಕನ್ನಡವಾಡುವ ನಮ್ಮಲ್ಲೂ ಅದನ್ನು ಬಲ್ಲವರು ಕಡಿಮೆ. ಆದರೆ 13ನೇ ಶತಮಾನದ ಕೊನೆಯಲ್ಲಿ ಹೊಯ್ಸಳ ದೊರೆಯೊಬ್ಬ ಆಳಿದ್ದು ಇದೇ ಕೃಷ್ಣಗಿರಿ ಸೀಮೆಯಿಂದ.

ಆತ ರಾಮನಾಥ. ಅವನ ತಂದೆ ವೀರ ಸೋಮೇಶ್ವರ ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ನೆಲೆಸಿ, ಚೋಳ ಪಾಂಡ್ಯರ ಜಗಳದಲ್ಲಿ ಕೈಯಾಡಿಸುತ್ತಿದ್ದವನು. 1254ರಲ್ಲಿ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ದೋರಸಮುದ್ರ ಮೂರನೇ ನರಸಿಂಹನಿಗೆ. ತಮಿಳು ಸೀಮೆ ಮತ್ತು ಕೋಲಾರದ ಕಡೆಯ ನೆಲ ರಾಮನಾಥನಿಗೆ. ಅಣ್ಣತಮ್ಮಂದಿರಲ್ಲಿ ಕೊನೆಗೂ ಹೊಂದಾಣಿಕೆಯಾಗಲಿಲ್ಲ. ಅತ್ತ ಪಾಂಡ್ಯ ಕುಲಶೇಖರನ ಕೈ ಮೇಲಾಗಿ ಕಣ್ಣನೂರು ತಪ್ಪಿದಾಗ ರಾಮನಾಥ ಉತ್ತರಕ್ಕೆ ಸರಿದು ಕುಂದಾಣಿಯಲ್ಲಿ ನೆಲೆಯೂರಿದ. 1295ರಲ್ಲಿ ಅವನು ತೀರಿಕೊಂಡ ಮೇಲೆ ಮಗ ವಿಶ್ವನಾಥ ಕೆಲವೇ ವರ್ಷ ಆಳಿದ. ಬಳಿಕ ನರಸಿಂಹನ ಮಗ ಮೂರನೇ ಬಲ್ಲಾಳ ಎರಡೂ ಪಾಲುಗಳನ್ನು ಒಂದುಗೂಡಿಸಿದ.

ಬಲ್ಲಾಳ ಆಗ ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿದೆ. 1301ರಲ್ಲಿ ಕುಂದಾಣಿ ರಾಜ್ಯದ, ಸುತ್ತಣ ನಾಡುಗಳ ಮಠ ಮತ್ತು ದೇವಸ್ಥಾನಗಳಿಗೆಲ್ಲ ಅವನು ಒಂದೇ ಒಕ್ಕಣೆಯ ಆಜ್ಞೆ ಕಳಿಸಿದ. ದೇವರ ಜಮೀನಿನ ಮೇಲಿನ ತೆರಿಗೆ ಮನ್ನಾ. ಮಗ್ಗದ ಮೇಲಿನದು, ಅಕ್ಕಸಾಲಿಗರ ಮೇಲಿನದು, ಸುಂಕ, ಕಾಣಿಕೆ ಎಲ್ಲವೂ ಮನ್ನಾ. ಆ ಹಣದಲ್ಲಿ ಪೂಜೆ, ನೈವೇದ್ಯ, ಗುಡಿಯ ದುರಸ್ತಿ ನಡೆಸಿ, ರಾಜ್ಯಕ್ಕೆ ಒಳಿತು ಹಾರೈಸಿ ಸುಖವಾಗಿರಿ ಎಂದು ಹೇಳಿಕಳಿಸಿದ. ಬೆಂಗಳೂರು, ಕೋಲಾರ ಕಡೆಯ ಹಲವು ಗುಡಿಗಳ ಕಲ್ಲುಗಳಲ್ಲಿ ಈ ಆಜ್ಞೆ ತಮಿಳಿನಲ್ಲಿದೆ. ರಾಮನಾಥನ ಶಾಸನಗಳಲ್ಲೂ ಹೆಚ್ಚಿನವು ತಮಿಳಿನವೇ. ಕನ್ನಡದ ಅರಸುಮನೆ ತಮಿಳು ಪ್ರಜೆಗೆ ಅವರ ನುಡಿಯಲ್ಲೇ ಬರೆಸಿತು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದಕ್ಕಿಂತ ಹೆಮ್ಮೆಯ ಪೂರ್ವಕಥೆ ಬೇಕಿಲ್ಲ.

ಬಲ್ಲಾಳನ ಮುಂದಿನ ಬದುಕು ಕಷ್ಟದ್ದು. 1311ರಲ್ಲಿ ದೆಹಲಿಯ ಸೇನಾಪತಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ ದಂಡೆತ್ತಿ ಬಂದ. ಕಡೆಗಾಲದಲ್ಲಿ ಬಲ್ಲಾಳ ತಿರುವಣ್ಣಾಮಲೆಯಿಂದ ಆಳುತ್ತಾ, ಮಧುರೆಯ ಸುಲ್ತಾನನ ಮೇಲೆ ಹೋರಾಡುತ್ತಾ, ಅಜ್ಜನ ಕಣ್ಣನೂರಿನ ಮುತ್ತಿಗೆಯ ವೇಳೆ ಸಿಕ್ಕಿಬಿದ್ದು ಕೊಲೆಯಾದ.

ಕುಂದಾಣಿಯನ್ನು ಸಂಶೋಧಕರು ಗುರುತಿಸಿರುವುದು ಕೃಷ್ಣಗಿರಿ ಜಿಲ್ಲೆಯ ಚಿನ್ನಕೊತ್ತೂರಿನ ಆಸುಪಾಸಿನಲ್ಲಿ. ದೋರಸಮುದ್ರವಿದ್ದ ಹಳೇಬೀಡಿನ ಬಳಪದ ಕಲ್ಲಿನ ಕೆತ್ತನೆ ನೆನೆದು ಹೋದವರಿಗೆ ನಿರಾಸೆಯಾದೀತು. ಅಲ್ಲಿ ನೋಡಬೇಕಾದದ್ದು ಶಾಸನ ಮತ್ತು ವೀರಗಲ್ಲು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಬುಡದಲ್ಲಿ ಕಾದಾಟ, ನಡುವೆ ಸತ್ತವನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕೂತ ವೀರ. ತುರು ಕಾಯಲು ಹೋಗಿ ಸತ್ತವರು ನಮ್ಮೂರುಗಳಲ್ಲಿ ಎಷ್ಟೋ ಮಂದಿ. ರಾಜನ ಅರಮನೆ ಅಳಿದರೂ ಇಂಥವರ ಕಲ್ಲು ನಿಂತಿದೆ.

ಒಂದು ದಿನ ಬಿಡುವಿದ್ದರೆ ಹೊಸೂರಿನ ಬೆಟ್ಟದ ಚಂದ್ರಚೂಡೇಶ್ವರ, ಡೆಂಕಣಿಕೋಟೆಯ ಬೇಟರಾಯಸ್ವಾಮಿ, ರಾಯಕೋಟೆಯ ದುರ್ಗವನ್ನೂ ನೋಡಬಹುದು. ರಾಯಕೋಟೆ 1791ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತ್ತು. 1799ರ ಮಾರ್ಚಿನಲ್ಲಿ ಅದೇ ಕಂಪನಿಯ ಜನರಲ್ ಹ್ಯಾರಿಸ್‌ನ ದಂಡು ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣಕ್ಕೆ ಹೊರಟಾಗ ಬೀಡುಬಿಟ್ಟದ್ದು ನಮ್ಮ ಕೆಲಮಂಗಲದಲ್ಲಿ. ಮೇ 4ಕ್ಕೆ ಆ ರಾಜಧಾನಿಯೂ ಬಿತ್ತು.

ಈ ಸೀಮೆಯ ಹೊಲಗಳಲ್ಲಿ, ಕೆರೆ ಏರಿಯಲ್ಲಿ ಬರಹವಿರುವ ಕಲ್ಲುಗಳು ಈಗಲೂ ಸಿಗುತ್ತವೆ. ಅಂಥದ್ದು ಕಂಡರೆ ಬಟ್ಟೆ ಒಗೆಯಲು, ಮೆಟ್ಟಿಲಿಗೆ ಹಾಕಬೇಡಿ, ಸುಣ್ಣ ಬಳಿಯಬೇಡಿ. ಫೋಟೊ ತೆಗೆದು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಿ.