ಬೇಸಿಗೆ ಬಲಿಯುವ ಮುಂಚೆ ಮೈಸೂರು: ಕೆರೆಗಳನ್ನು ಹಿಡಿದು ಊರು ನೋಡುವ ಬಗೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯವರಿಗೆ ಮೈಸೂರು ಪಕ್ಕದ ಊರಿದ್ದ ಹಾಗೆ. ಮೈಸೂರು ರಸ್ತೆ ನಮ್ಮ ಬೀದಿಗಳ ಪಕ್ಕದಲ್ಲೇ ಹೋಗುತ್ತದೆ. ರೈಲು ಕೆಂಗೇರಿಯಲ್ಲೇ ನಿಲ್ಲುತ್ತದೆ. ಆದರೂ ಬಹಳಷ್ಟು ಕುಟುಂಬಗಳು ಅಲ್ಲಿಗೆ ಹೊರಡುವುದು ಮಕ್ಕಳಿಗೆ ಬೇಸಿಗೆ ರಜೆ ಬಿಟ್ಟ ಮೇಲೆ, ಅಂದರೆ ಏಪ್ರಿಲ್ ಎರಡನೇ ವಾರದ ನಂತರ. ಆಗ ಬಿಸಿಲೂ ಜೋರು, ಜನವೂ ಜೋರು. ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವ ವಾರಗಳಲ್ಲಿ ಹೋಗಿ ಎನ್ನುವುದು ನನ್ನ ಸಲಹೆ. ಹೋದಾಗ ಊರನ್ನು ಕೆರೆಗಳ ಲೆಕ್ಕದಲ್ಲಿ ನೋಡಿ. ಬೆಳಗ್ಗೆ ಒಂದು ಕೆರೆ, ಸಂಜೆ ಒಂದು ಕೆರೆ. ನಡುವೆ ನೆತ್ತಿ ಸುಡುವ ಹೊತ್ತಿನಲ್ಲಿ ನೆರಳು. ಇಷ್ಟು ಗೊತ್ತುಮಾಡಿಕೊಂಡರೆ ಅರಮನೆ, ಮೃಗಾಲಯ, ಮಾರುಕಟ್ಟೆ ಎಲ್ಲವೂ ತಾವಾಗಿಯೇ ಅದರೊಳಗೆ ಹೊಂದಿಕೊಳ್ಳುತ್ತವೆ.

ಈ ಹೊತ್ತೇ ಏಕೆ ಎಂದು ನೀವು ಕೇಳಬಹುದು. ಮುಖ್ಯ ಕಾರಣ ಹಕ್ಕಿಗಳು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಕಾವೇರಿ ಸೀಮೆಯಲ್ಲಿ ಗೂಡು ಕಟ್ಟಿ ಮರಿ ಮಾಡುವ ಕಾಲ ಇದು. ಕೆರೆಯ ನೀರು ಇಳಿಯುತ್ತಾ ಬಂದಂತೆ ಅಂಚಿನಲ್ಲಿ ಮೊಣಕಾಲುದ್ದದ ನೀರು ಉಳಿಯುತ್ತದೆ. ಅಲ್ಲಿ ಮೀನು ಹಿಡಿಯುವುದು ಕೊಕ್ಕರೆಗೆ ಸುಲಭ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ದೊಡ್ಡ ಹಕ್ಕಿಗಳು ಕಣ್ಣಿಗೆ ಹತ್ತಿರದಲ್ಲೇ ಸಿಗುತ್ತವೆ. ಚಳಿಗಾಲಕ್ಕೆ ದೂರದಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಾತ್ರ ಅಷ್ಟು ಹೊತ್ತಿಗೆ ಹೊರಟಿರುತ್ತವೆ. ಅವುಗಳನ್ನೇ ನೋಡಬೇಕಿದ್ದರೆ ಜನವರಿಯಲ್ಲಿ ಹೋಗಬೇಕು. ಇನ್ನೊಂದು ಕಾರಣ ಹೂವು. ಮೈಸೂರು ಮಲ್ಲಿಗೆಗೆ ಇದು ಸುಗ್ಗಿ.

ಹೋಗುವುದು ಹೇಗೆ? ಮೂರು ದಾರಿಗಳಿವೆ. ನನಗೆ ಹಿಡಿಸಿದ್ದು ರೈಲು.

ವಿಜಯನಗರ, ಹೊಸಹಳ್ಳಿ, ಅತ್ತಿಗುಪ್ಪೆಯವರು ನೇರಳೆ ಮಾರ್ಗದ ಮೆಟ್ರೊ ಹತ್ತಿ ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಇಳಿಯಿರಿ. ಅಲ್ಲಿಂದ ರೈಲು ನಿಲ್ದಾಣಕ್ಕೆ ಆಟೊ ಸಿಗುತ್ತದೆ. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಮಾರ್ಗ ಬದಲಿಸಬೇಕು. ಹೀಗೆ ಮೆಜೆಸ್ಟಿಕ್‌ಗೆ ಬಂದ ಮೇಲೆ ಮತ್ತೆ ಪಶ್ಚಿಮಕ್ಕೆ ಯಾಕೆ ಹೋಗಬೇಕು, ಅಲ್ಲೇ ಸಿಟಿ ಸ್ಟೇಷನ್‌ನಲ್ಲಿ ರೈಲು ಹತ್ತಬಹುದಲ್ಲ ಎಂದರೆ, ಖಂಡಿತ ಹತ್ತಬಹುದು. ಸೀಟು ಸಿಗುವ ಸಂಭವವೂ ಅಲ್ಲೇ ಹೆಚ್ಚು. ಬಸವೇಶ್ವರನಗರಕ್ಕೆ ಇನ್ನೂ ಅದರದೇ ಮೆಟ್ರೊ ನಿಲ್ದಾಣವಿಲ್ಲ. ಅಲ್ಲಿನವರು ಹೊಸಹಳ್ಳಿಗೋ ರಾಜಾಜಿನಗರಕ್ಕೋ ಆಟೊದಲ್ಲಿ ಬರುವುದು ಸುಲಭ. ಒಂದು ಎಚ್ಚರಿಕೆ: ಭಾನುವಾರ ಮೆಟ್ರೊ ಶುರುವಾಗುವುದೇ ಬೆಳಗ್ಗೆ 7ಕ್ಕೆ. ಭಾನುವಾರ ನಸುಕಿನ ರೈಲು ಹಿಡಿಯಲು ಮೆಟ್ರೊ ನಂಬಬೇಡಿ.

ರೈಲಿನ ಟಿಕೆಟ್‌ನಲ್ಲಿ ಎರಡು ಬಗೆ. ಒಂದು ರಿಸರ್ವೇಷನ್, ಅಂದರೆ ಸೀಟು ಮೊದಲೇ ಕಾಯ್ದಿರಿಸುವುದು. ಇದನ್ನು ಪ್ರಯಾಣದ ದಿನಕ್ಕೆ 60 ದಿನ ಮುಂಚಿನಿಂದ ಮಾಡಬಹುದು. ಇನ್ನೊಂದು ಜನರಲ್ ಟಿಕೆಟ್. ಅದರಲ್ಲಿ ಸೀಟು ನಂಬರ್ ಇರುವುದಿಲ್ಲ, ಖಾಲಿ ಇದ್ದಲ್ಲಿ ಕೂರುವುದು. ಜನರಲ್ ಟಿಕೆಟ್ ಆಯಾ ದಿನವೇ ನಿಲ್ದಾಣದ ಕಿಟಕಿಯಲ್ಲಿ ಸಿಗುತ್ತದೆ, ಫೋನಿನಲ್ಲಿ ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲೂ ತೆಗೆಯಬಹುದು. ಒಬ್ಬರಿಗೆ ನೂರು ರೂಪಾಯಿಯೊಳಗೇ ಮುಗಿಯುತ್ತದೆ. ಎರಡರಿಂದ ಎರಡೂವರೆ ಗಂಟೆಯ ಪ್ರಯಾಣ. ಕಾಯ್ದಿರಿಸುವ ಮೊದಲು ಆ ಗಾಡಿ ಕೆಂಗೇರಿಯಲ್ಲಿ ನಿಲ್ಲುತ್ತದೆಯೇ ನೋಡಿಕೊಳ್ಳಿ. ವಂದೇ ಭಾರತ್‌ನಂಥ ವೇಗದ ಗಾಡಿಗಳು ನಿಲ್ಲುವುದಿಲ್ಲ.

ಕೆಲಸಕ್ಕೆ ಹೋಗುವವರಿಗೆ ಹೊಂದುವ ಗಾಡಿ ಸಂಜೆಯ ಚಾಮುಂಡಿ ಎಕ್ಸ್‌ಪ್ರೆಸ್. ಶುಕ್ರವಾರ ಕೆಲಸ ಮುಗಿಸಿ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಮೈಸೂರು. ಮಂಡ್ಯ, ಮದ್ದೂರಿನಿಂದ ಬೆಂಗಳೂರಿಗೆ ದಿನವೂ ಬಂದು ಹೋಗುವವರ ಗಾಡಿ ಅದು. ಅದರಿಂದ ಕೆಂಗೇರಿಯಲ್ಲಿ ಹತ್ತಿದವರು ಜನರಲ್ ಬೋಗಿಯಲ್ಲಿ ಮಂಡ್ಯದವರೆಗೆ ನಿಂತೇ ಹೋಗಬೇಕಾಗಬಹುದು. ವಯಸ್ಸಾದವರು ಜೊತೆಗಿದ್ದರೆ ಸೀಟು ಕಾಯ್ದಿರಿಸುವುದೇ ಸರಿ.

ಬಸ್ಸಿಗಾದರೆ ಮೆಜೆಸ್ಟಿಕ್‌ಗೆ ಹೋಗಬೇಕಿಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹಗಲೂ ರಾತ್ರಿ ಬಸ್ಸುಗಳಿವೆ. ದೀಪಾಂಜಲಿ ನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಸಾಧಾರಣ ಕೆಂಪು ಬಸ್ಸಿನ ಟಿಕೆಟ್ ಇನ್ನೂರು ರೂಪಾಯಿಯ ಆಸುಪಾಸು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಈ ಬಸ್ಸು ಉಚಿತ. 2023ರ ಜೂನ್ 11ರಂದು ಶುರುವಾದ ಯೋಜನೆ ಇದು. ಕರ್ನಾಟಕದ ವಿಳಾಸ ಇರುವ ಆಧಾರ್ ಅಥವಾ ಬೇರೆ ಸರ್ಕಾರಿ ಗುರುತಿನ ಚೀಟಿ ತೋರಿಸಿ ‘ಶೂನ್ಯ ಟಿಕೆಟ್’ ಪಡೆಯಬೇಕು. ಉಚಿತ ಎಂದು ಟಿಕೆಟ್ ತೆಗೆದುಕೊಳ್ಳದೆ ಕೂರಬೇಡಿ. ರಾಜಹಂಸ, ಐರಾವತ, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. 60 ವರ್ಷ ದಾಟಿದ ಗಂಡಸರು ವಯಸ್ಸಿನ ದಾಖಲೆ ತೋರಿಸಿದರೆ ಸಾಧಾರಣ ಬಸ್ಸಿನಲ್ಲಿ ಶೇಕಡ 25 ರಿಯಾಯಿತಿ ಕೇಳಬಹುದು.

ಕಾರಿನವರಿಗೆ ಎಕ್ಸ್‌ಪ್ರೆಸ್‌ವೇ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 119 ಕಿಲೊಮೀಟರ್ ಹೆದ್ದಾರಿ. ಎರಡು ಕಡೆ ಟೋಲ್ ಇದೆ, ಎರಡೂ ಸೇರಿ ಒಂದು ಬದಿಗೇ ಮುನ್ನೂರು ರೂಪಾಯಿ ದಾಟುತ್ತದೆ. ಪದೇ ಪದೇ ಓಡಾಡುವವರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ವಿಚಾರಿಸಿ. ಫಾಸ್ಟ್ಯಾಗ್ ಎಂದರೆ ಕಾರಿನ ಮುಂಗಾಜಿಗೆ ಅಂಟಿಸುವ ಟೋಲ್ ಚೀಟಿ. 2025ರ ಆಗಸ್ಟ್ 15ರಂದು ಈ ಪಾಸ್ ಬಂದಾಗ ಬೆಲೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವವರೆಗೆ ನಡೆಯುತ್ತದೆ. ಖಾಸಗಿ ಕಾರಿಗೆ ಮಾತ್ರ. ವೇಗ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ಬೈಕು, ಆಟೊಗಳಿಗೆ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ. ಬೈಕಿನಲ್ಲಿ ಹೋಗುವ ಹುಡುಗರು ಸರ್ವಿಸ್ ರಸ್ತೆ, ಅಂದರೆ ಪಕ್ಕದ ಸಣ್ಣ ರಸ್ತೆ ಹಿಡಿಯಬೇಕು. ಕಾರಿನವರಿಗೆ ಒಂದು ಲಾಭವಿದೆ: ಚನ್ನಪಟ್ಟಣ, ಮದ್ದೂರಿನ ನಡುವೆ ಒಳಕ್ಕೆ ತಿರುಗಿ ಕೊಕ್ಕರೆಬೆಳ್ಳೂರು ನೋಡಬಹುದು. ಅಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ, ಆಲದ ಮರಗಳಲ್ಲಿ, ಮನೆಗಳ ನೆತ್ತಿಯ ಮೇಲೆಯೇ ಗೂಡು ಕಟ್ಟುತ್ತವೆ. ಊರಿನವರು ತಲೆಮಾರುಗಳಿಂದ ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಗಲಾಟೆ ಮಾಡದೆ ನೋಡಿ ಬನ್ನಿ.

ಇನ್ನು ಕೆರೆಗಳು. ಮೊದಲನೆಯದು ಕುಕ್ಕರಹಳ್ಳಿ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಅಂಟಿಕೊಂಡಿದೆ, ರೈಲು ನಿಲ್ದಾಣದಿಂದ ದೂರವಿಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಾಚೆಯ ಗದ್ದೆಗಳಿಗೆ ನೀರು ಕೊಡಲೆಂದು ಕಟ್ಟಿಸಿದ ಕೆರೆ. ಕುವೆಂಪು ಅವರ ವಾಯುವಿಹಾರದ ದಾರಿ ಇದು, ಆರ್.ಕೆ. ನಾರಾಯಣ್ ಕೂಡ ಇಲ್ಲಿ ಅಡ್ಡಾಡುತ್ತಿದ್ದರು. ಏರಿಯ ಮೇಲೆ ಮತ್ತು ಸುತ್ತಲೂ ಮರದ ನೆರಳಿನ ಕಾಲುದಾರಿ ಇದೆ. ಒಂದು ಸುತ್ತು ನಾಲ್ಕರಿಂದ ಐದು ಕಿಲೊಮೀಟರ್. ಆರು ಗಂಟೆಗೆಲ್ಲ ಅಲ್ಲಿರಿ. ನಡುವಿನ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಏಳುವ ಹೊತ್ತು ಅದು. ನಡೆಯಲು ದುಡ್ಡು ಕೊಡಬೇಕಿಲ್ಲ. ಸುತ್ತು ಪೂರ್ತಿ ಮಾಡಲಾಗದ ಹಿರಿಯರು ಏರಿಯ ಮೇಲಿನ ಕಲ್ಲುಬೆಂಚಿನಲ್ಲಿ ಕೂತರೂ ಸಾಕು, ಅರ್ಧ ಕೆರೆ ಕಾಣುತ್ತದೆ. ಬಿಸಿಲೇರಿದ ಮೇಲೆ ಇಲ್ಲಿಗೆ ಬಂದು ಪ್ರಯೋಜನವಿಲ್ಲ. ಹಕ್ಕಿಗಳೂ ನೆರಳು ಸೇರಿರುತ್ತವೆ, ಗೇಟು ಹಾಕಿರುವುದೂ ಉಂಟು.

ಎರಡನೆಯದು ಕಾರಂಜಿ ಕೆರೆ, ಚಾಮುಂಡಿ ಬೆಟ್ಟದ ತಪ್ಪಲಿನ ಕಡೆ, ಮೃಗಾಲಯದ ಮಗ್ಗುಲಿನಲ್ಲಿ. ಇದು ಮೃಗಾಲಯ ಪ್ರಾಧಿಕಾರದ ಕೈಯಲ್ಲಿದೆ. ಹಾಗಾಗಿ ಟಿಕೆಟ್ ಇದೆ, ಬೆಳಗ್ಗೆ 8.30ರಿಂದ ಸಂಜೆ 5.30ರ ವೇಳೆ ಇದೆ, ಮಂಗಳವಾರ ರಜೆಯೂ ಇದೆ. ಮೃಗಾಲಯಕ್ಕೂ ಮಂಗಳವಾರವೇ ರಜೆ. ಇದನ್ನು ಮರೆತು ಗೇಟಿನ ಮುಂದೆ ಮಕ್ಕಳನ್ನು ಸಮಾಧಾನ ಮಾಡುತ್ತಾ ನಿಂತವರು ಪ್ರತಿ ವಾರವೂ ಕಾಣಸಿಗುತ್ತಾರೆ. ಕಾರಂಜಿಯ ವಿಶೇಷ ಏವಿಯರಿ. ಹಾಗೆಂದರೆ ಎತ್ತರಕ್ಕೆ ಜಾಲರಿ ಹೊದಿಸಿದ ದೊಡ್ಡ ಹಕ್ಕಿಮನೆ. ನಾವು ಅದರೊಳಗೇ ನಡೆದು ಹೋಗಬಹುದು. ನವಿಲು ಕಾಲಬಳಿಯೇ ಸುಳಿಯುತ್ತವೆ. ಚಿಟ್ಟೆಗಳ ತೋಟವಿದೆ, ದೋಣಿ ಇದೆ. ದೋಣಿಗೆ ಬೇರೆ ಟಿಕೆಟ್. ಮೃಗಾಲಯವನ್ನೂ ನೋಡುವವರು ಎರಡಕ್ಕೂ ಸೇರಿದ ಟಿಕೆಟ್ ಇದೆಯೇ ಎಂದು ಕೌಂಟರಿನಲ್ಲಿ ಮೊದಲೇ ಕೇಳಿ. ಕಾರಂಜಿಗೆ ನಾಲ್ಕು ಗಂಟೆಗೆ ಹೋದರೆ ಬಿಸಿಲು ಇಳಿದಿರುತ್ತದೆ, ಆದರೆ ಸಿಗುವುದು ಒಂದೂವರೆ ಗಂಟೆ ಮಾತ್ರ. ಮೊದಲು ದೋಣಿ, ಆಮೇಲೆ ಹಕ್ಕಿಮನೆ ಎಂದು ಇಟ್ಟುಕೊಳ್ಳಿ. ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ ಹುಟ್ಟುತ್ತದೆ. ಅಲ್ಲಿಂದ ಮುಂದೆ ಮಧ್ಯಾಹ್ನ ಇಳಿಯುವ ಹೊತ್ತಿಗೆ ಗುಡುಗು ಸಹಿತ ಮಳೆ ಬರಬಹುದು. ಗಾಳಿ ಎದ್ದರೆ ದೋಣಿ ನಿಲ್ಲಿಸುತ್ತಾರೆ. ಅದಕ್ಕೆ ಹಠ ಮಾಡಬೇಡಿ.

ಇನ್ನೂ ಬಿಡುವಿದ್ದರೆ ಶ್ರೀರಾಂಪುರದ ಕಡೆ ಲಿಂಗಾಂಬುಧಿ ಕೆರೆ ಇದೆ. 1828ರಲ್ಲಿ ಕಟ್ಟಿದ್ದು, ಕುಕ್ಕರಹಳ್ಳಿಗಿಂತ ಹಳೆಯದು, ಜನ ಕಡಿಮೆ.

ಈ ಕೆರೆಗಳು ಉಳಿದದ್ದು ಜನ ಬೆನ್ನು ಹತ್ತಿದ್ದರಿಂದ. ಮೈಸೂರಿನಲ್ಲೂ ಎಲ್ಲವೂ ಉಳಿಯಲಿಲ್ಲ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಹೆಸರೇ ಹೇಳುವಂತೆ ಕೆರೆಯಾಗಿತ್ತು. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣವೂ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ಮಕ್ಕಳಿಗೆ ಈ ಎರಡನ್ನೂ ಹೇಳಿ. ಕೆಂಗೇರಿ ಕೆರೆ, ಉಲ್ಲಾಳು ಕೆರೆ, ಮಲ್ಲತ್ತಹಳ್ಳಿ ಕೆರೆಗಳ ಬಗ್ಗೆ ಅವರು ತಾವಾಗಿ ಪ್ರಶ್ನೆ ಕೇಳುತ್ತಾರೆ.

ಎರಡನೆಯ ದಿನ ಬೆಳಗ್ಗೆ ರಂಗನತಿಟ್ಟು. ಶ್ರೀರಂಗಪಟ್ಟಣದ ಹತ್ತಿರ, ಮೈಸೂರಿನಿಂದ ಇಪ್ಪತ್ತು ಕಿಲೊಮೀಟರ್ ಒಳಗೆ. ಇದು ಕೆರೆಯಲ್ಲ, ಕಾವೇರಿಯ ನಡುಗಡ್ಡೆಗಳು. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಪ್ರವೇಶಕ್ಕೂ ದೋಣಿಗೂ ಬೇರೆ ಬೇರೆ ಟಿಕೆಟ್. ಗೇಟು ತೆರೆದ ಕೂಡಲೇ ಮೊದಲ ದೋಣಿಗಳಲ್ಲಿ ಹೋಗುವುದು ಉತ್ತಮ. ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತಿರುತ್ತದೆ, ಕೈಯನ್ನು ದೋಣಿಯ ಒಳಗೇ ಇಟ್ಟುಕೊಳ್ಳಿ.

ಮಧ್ಯಾಹ್ನ ಹನ್ನೊಂದೂವರೆಯಿಂದ ನಾಲ್ಕರವರೆಗೆ ಏನು ಮಾಡುವುದು? ಅರಮನೆಯನ್ನು ಈ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಒಳಗೆ ಬರಿಗಾಲಿನಲ್ಲಿ ನಡೆಯಬೇಕು, ಬಿಸಿಲಿಗೆ ಬಿದ್ದ ಕಲ್ಲು ಅಂಗಾಲು ಸುಡುತ್ತದೆ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆಯುವಾಗಲೇ ಹೋಗಿ. ಮಧ್ಯಾಹ್ನಕ್ಕೆ ಕಾರಂಜಿಯ ದಂಡೆಯಲ್ಲೇ ಇರುವ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಸರಿಹೊಂದುತ್ತದೆ. ಅದಕ್ಕೆ ಸೋಮವಾರ ರಜೆ. ಸಣ್ಣ ಮಕ್ಕಳಿದ್ದರೆ ಕೋಣೆಗೆ ಮರಳಿ ಒಂದು ನಿದ್ದೆ ಮಾಡಿಸುವುದೇ ಮೇಲು. ಉಳಿಯಲು ರೈಲು ನಿಲ್ದಾಣದ ಬಳಿಯ ಧನ್ವಂತರಿ ರಸ್ತೆ, ಜೆ.ಎಲ್.ಬಿ. ರಸ್ತೆಯ ಸುತ್ತ ನೋಡಿ. ಬೆಳಗ್ಗೆ ಕುಕ್ಕರಹಳ್ಳಿಗೆ ಹೋಗಲು ಹತ್ತಿರ. ತಿಂಡಿಗೆ ನಜರಬಾದಿನ ಮೈಲಾರಿ ದೋಸೆ ಮೃಗಾಲಯ, ಕಾರಂಜಿಯ ದಾರಿಯಲ್ಲೇ ಸಿಗುತ್ತದೆ. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆಗೆ ದೇವರಾಜ ಮಾರುಕಟ್ಟೆ.

ಶುಕ್ರವಾರ ಸಂಜೆ ಹೊರಟು ಭಾನುವಾರ ಮರಳುವ ಹಾಗೆ ಇಟ್ಟುಕೊಂಡರೆ ಇನ್ನೊಂದು ಅನುಕೂಲ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ 7ಕ್ಕೆ ಅರಮನೆಗೆ ಪೂರ್ತಿ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು. ಮುಕ್ಕಾಲು ಗಂಟೆ ಇರುತ್ತದೆ, ನೋಡಲು ದುಡ್ಡಿಲ್ಲ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಅದಕ್ಕೇ ಏಳೂಮುಕ್ಕಾಲಿನವರೆಗೆ ಕಾಯದೆ ಹತ್ತು ನಿಮಿಷ ಮೊದಲೇ ಗ್ರಾಮಾಂತರ ಬಸ್ ನಿಲ್ದಾಣದ ಕಡೆ ನಡೆಯಿರಿ. ಅದು ಅರಮನೆಗೆ ಹತ್ತಿರ. ಎಂಟು ಗಂಟೆಯ ಸುಮಾರಿಗೆ ಬಸ್ಸು ಹತ್ತಿದರೆ ಹತ್ತೂವರೆ ಹೊತ್ತಿಗೆ ಕೆಂಗೇರಿ. ಕೊನೆಯ ಮೆಟ್ರೊ ಹನ್ನೊಂದರ ಆಸುಪಾಸಿಗೆ ಇರುತ್ತದೆ. ಹಸಿರು ಮಾರ್ಗಕ್ಕೆ ಬದಲಿಸಬೇಕಾದ ರಾಜಾಜಿನಗರದವರು ಇನ್ನೊಂದು ಅರ್ಧ ಗಂಟೆ ಮೊದಲೇ ಮೈಸೂರು ಬಿಡುವುದು ಒಳ್ಳೆಯದು.